ಚಿಕ್ಕತಾಯಮ್ಮ ಗುಣಮುಖರಾದರು

ಚಿಕ್ಕತಾಯಮ್ಮ ಹುಟ್ಟಿದ್ದು ಒಂದು ಸೋಮವಾರ ಬೆಳಿಗ್ಗೆ ಹನ್ನೊಂದೂವರೆಗೆ, ಸರ್ವಮಂಗಳಳ ಅಡುಗೆಮನೆಯಲ್ಲಿ, ಕುಕ್ಕರಿನೊಳಗೆ ಹುರುಳಿಕಾಳು ಬೇಯುವಷ್ಟರಲ್ಲಿ. ಹುಟ್ಟುವಾಗಲೇ ಅವಳಿಗೆ ಮೂವತ್ತೆಂಟು ವರ್ಷ. ಗಂಡನಿದ್ದ. ನಿದ್ದೆ ಇರಲಿಲ್ಲ.

ಹುಟ್ಟಿಸಿದವಳು ಸರ್ವಮಂಗಳ. ಕನಕಪುರದಿಂದ ಉಯ್ಯಂಬಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ ಸಿಗುವ ಒಂದು ಹಳ್ಳಿಗೆ ಅವಳು ಆಶಾ ಕಾರ್ಯಕರ್ತೆ. ಹದಿನಾಲ್ಕು ವರ್ಷದಿಂದ ಬಸುರಿಯರ ತಿಂಗಳು ಎಣಿಸುತ್ತ, ಕೂಸುಗಳಿಗೆ ಪೋಲಿಯೊ ಹನಿ ಹಾಕಿಸುತ್ತ, ಮುದುಕರಿಗೆ ಬಿಪಿ ಮಾತ್ರೆ ನೆನಪಿಸುತ್ತ ಬಂದವಳು. ಊರಿನಲ್ಲಿ ಯಾರ ಮಂಡಿ ಯಾವಾಗ ಹಿಡಿದುಕೊಳ್ಳುತ್ತದೆ ಎಂಬುದು ಮಂಡಿಯ ಯಜಮಾನನಿಗಿಂತ ಅವಳಿಗೇ ಚೆನ್ನಾಗಿ ಗೊತ್ತು.

ಈ ವರ್ಷ ಆರೋಗ್ಯ ಕೇಂದ್ರದಿಂದ ಹೊಸದೊಂದು ಕೆಲಸ ಬಂದಿತ್ತು, ಮನಸ್ಸಿನ ಕಾಯಿಲೆಯ ಫಾರಂ. ಅದರಲ್ಲಿ ಒಂಬತ್ತು ಪ್ರಶ್ನೆ. ನಿದ್ದೆ ಬರುತ್ತದೆಯೇ, ಹಸಿವಾಗುತ್ತದೆಯೇ, ಮೊದಲು ಇಷ್ಟವಾಗುತ್ತಿದ್ದ ಕೆಲಸ ಈಗ ಬೇಡವೆನಿಸುತ್ತದೆಯೇ, ಹೀಗೆ. ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಹೆಚ್ಚು ಅಂಕ ತೆಗೆದವರೇ ಫೇಲು.

ಊರಿನವರು ಮೊದಲಿಗೆ ಎಲ್ಲದಕ್ಕೂ ಸೊನ್ನೆ ಬರೆಸಿ ಎದ್ದು ಹೋಗುತ್ತಿದ್ದರು. ಎದೆ ಹೊಡೆದುಕೊಂಡರೆ ಗ್ಯಾಸು, ನಿದ್ದೆ ಬರದಿದ್ದರೆ ಗ್ಯಾಸು, ಸುಮ್ಮನೆ ಕೂತಲ್ಲೇ ಅಳು ಬಂದರೆ ಅದೂ ಗ್ಯಾಸು. ಸರ್ವಮಂಗಳ ಬಿಡುವವಳಲ್ಲ. ಪಕ್ಕದ ಮನೆಯ ಮರಿಯಪ್ಪನನ್ನು ಜಗುಲಿಯ ಮೇಲೆ ಕೂರಿಸಿ ಕೇಳಿದ್ದಳು.

"ಮೂರು ವರ್ಸದಿಂದ ಗ್ಯಾಸು ಅಂದ್ರೆ ನೀನೇನು ಸಿಲಿಂಡರ್ರಾ ಮರಿಯಪ್ಪಣ್ಣ? ಡಾಕ್ಟ್ರ ಹತ್ರ ಮುಚ್ಚಿಟ್ರೆ ಅವ್ರಿಗೇನು ಕನಸು ಬೀಳ್ತದಾ? ಇದ್ದುದ್ದ ಇದ್ದಂಗೆ ಒದರು."

ಮರಿಯಪ್ಪ ಟವಲಿನಲ್ಲಿ ಮುಖ ಮುಚ್ಚಿಕೊಂಡು ಒದರಿದ್ದ. ಹೆಂಡತಿ ತೀರಿಕೊಂಡ ಮೇಲೆ ಮನೆಯೊಳಗೆ ಮಲಗಲಾಗದೆ ಮೂರು ವರ್ಷದಿಂದ ದನದ ಕೊಟ್ಟಿಗೆಯಲ್ಲಿ ಮಲಗುತ್ತಿದ್ದನಂತೆ. ಈಗ ಮಾತ್ರೆ ತೆಗೆದುಕೊಳ್ಳುತ್ತಾನೆ, ಒಳಗೆ ಮಲಗುತ್ತಾನೆ, ನಲ್ಲಿ ನೀರಿಗೆ ಎಲ್ಲರ ಜೊತೆ ಜಗಳವಾಡುವಷ್ಟು ಚೆನ್ನಾಗಿದ್ದಾನೆ.

ಆದರೆ ಕಾರ್ಯಕರ್ತೆಯರೂ ಒಂದೊಂದು ಫಾರಂ ತುಂಬಬೇಕೆಂದಾಗ ಸರ್ವಮಂಗಳ ಆರೋಗ್ಯ ಕೇಂದ್ರದ ಗೋಡೆಗೆ ಕಾಗದ ಒತ್ತಿಕೊಂಡು, ನಿಂತಲ್ಲೇ ಒಂಬತ್ತು ಸೊನ್ನೆ ಸುತ್ತಿ ಸಹಿ ಹಾಕಿ ಬಂದಿದ್ದಳು.

ನಿಜ ಹೇಳಬೇಕೆಂದರೆ ಆರು ತಿಂಗಳಿಂದ ಬೆಳಗಿನ ಜಾವ ಮೂರಕ್ಕೆ ಯಾರೋ ಬೆನ್ನು ತಟ್ಟಿ ಎಬ್ಬಿಸಿದ ಹಾಗೆ ಎಚ್ಚರವಾಗುತ್ತಿತ್ತು. ಫೋನ್ ರಿಂಗಾದರೆ ಯಾರೋ ಹೋದರೆಂದೇ ಎದೆ ಡವಗುಟ್ಟುತ್ತಿತ್ತು, ಎತ್ತಿದರೆ ಇನ್ಶೂರೆನ್ಸಿನವರು. ಮಗಳು ಕವನ ಪಿಯುಸಿಯಲ್ಲಿ ತೊಂಬತ್ತೊಂದು ಪರ್ಸೆಂಟ್ ತೆಗೆದ ದಿನ, ಈಗ ಸಂತೋಷಪಡಬೇಕು ಎಂದು ನೆನಪು ಮಾಡಿಕೊಂಡು ಸಂತೋಷಪಟ್ಟಿದ್ದಳು. ಹೀಗೇಕೆ ಎಂದರೆ ಕಾರಣವೂ ಇಲ್ಲ. ಒಂದು ಒಳ್ಳೆಯ ಕಾರಣವಾದರೂ ಇದ್ದಿದ್ದರೆ ಹೇಳಿಕೊಳ್ಳಲು ಸುಲಭವಾಗುತ್ತಿತ್ತು.

ಗಂಡ ಸಿದ್ದಗಂಗಯ್ಯ ಒಳ್ಳೆಯವನೇ. ಆದರೆ ಹಿಟ್ಟಿನ ಗಿರಣಿಯ ಸದ್ದಿನಲ್ಲಿ ಇಪ್ಪತ್ತು ವರ್ಷ ಕಳೆದು ಅವನ ಕಿವಿ ಮಂದವಾಗಿತ್ತು. 'ನನಗ್ಯಾಕೋ ಬೇಜಾರು' ಎಂಬುದನ್ನು ಬೀದಿಯ ಕೊನೆಯವರೆಗೂ ಕೇಳುವಂತೆ ಕಿರುಚಬೇಕಾದರೆ ಬೇಜಾರಿಗೆ ಏನು ಮರ್ಯಾದೆ ಉಳಿಯುತ್ತದೆ? ಇನ್ನು ಡಾಕ್ಟರಿಗೆ ಹೇಳಿದರೆ ಸುದ್ದಿ ಊರಿಗೆ ಬಂದೇ ಬರುತ್ತದೆ. ತನ್ನ ತಲೆಯೇ ಸರಿಯಿಲ್ಲದವಳು ನಮಗೇನು ಧೈರ್ಯ ಹೇಳುತ್ತಾಳೆಂದು ಜನ ಬಾಗಿಲು ಹಾಕಿಕೊಂಡರೆ?

ಹೀಗಾಗಿ ಚಿಕ್ಕತಾಯಮ್ಮ ಹುಟ್ಟಿದಳು. ಸತ್ತು ಇಪ್ಪತ್ತು ವರ್ಷವಾದ ತನ್ನ ಅಜ್ಜಿಯ ಹೆಸರು, ಯಾರೂ ತಕರಾರು ತೆಗೆಯುವ ಹಾಗಿಲ್ಲ. ಗಂಡನ ಹೆಸರು ಮುನಿಕೃಷ್ಣ ಎಂದು ಬರೆದಳು. ಸುಳ್ಳು ಹೆಸರಿಗೆ ನಿಜವಾದ ವಯಸ್ಸು ಯಾಕೆಂದು ಅದನ್ನೂ ಒಂದಷ್ಟು ಇಳಿಸಿದಳು. ಅದಾದ ಮೇಲೆ ಪ್ರಶ್ನೆಗಳಿಗೆಲ್ಲ ನಿಜವನ್ನೇ ಬರೆದಳು. ಒಂಬತ್ತನೆಯದಕ್ಕೆ ಪೆನ್ನು ನಿಂತಿತು. ಬದುಕಿರುವುದಕ್ಕಿಂತ ಇಲ್ಲದಿರುವುದೇ ಮೇಲು ಅನ್ನಿಸುತ್ತದೆಯೇ? ಕುಕ್ಕರ್ ಒಂದು ಸಲ ಕೂಗಿತು. ಕೆಲವು ದಿನ ಅನ್ನಿಸುತ್ತದೆ ಎಂಬುದಕ್ಕೆ 'ಒಂದು' ಎಂದು ಬರೆದು, ಎದ್ದು ಒಲೆ ಆರಿಸಿದಳು. ಒಟ್ಟು ಹತ್ತೊಂಬತ್ತು.

ಲೆಕ್ಕಾಚಾರ ಸರಳವಾಗಿತ್ತು. ಡಾಕ್ಟರು ಮಾತ್ರೆ ಬರೆಯುತ್ತಾರೆ, ಅರ್ಧ ಊರಿನ ಮಾತ್ರೆ ಹೊತ್ತು ತರುವವಳು ತಾನೇ, ಚಿಕ್ಕತಾಯಮ್ಮನದನ್ನು ತಾನೇ ನುಂಗಿದರಾಯಿತು.

ಡಾಕ್ಟರ್ ಸಿದ್ಧಾರ್ಥ ಚನ್ನಪಟ್ಟಣದವನು. ಕೆಲಸಕ್ಕೆ ಸೇರಿ ವರ್ಷವಾಗಿತ್ತಷ್ಟೇ, ಕಾಗದಗಳನ್ನು ಇನ್ನೂ ಓದುತ್ತಿದ್ದ. ಒಂಬತ್ತನೇ ಸಾಲಿನವರೆಗೂ ಓದಿ ತಲೆಯೆತ್ತಿದ.

"ಈಯಮ್ಮನ್ನ ನಾನು ನೋಡ್ಬೇಕಲ್ಲ ಮಂಗಳಕ್ಕ."

"ಯಾಕ್ ಸಾರ್, ನೀವು ಬರ್ಕೊಡಿ, ನಾನು ಕೊಟ್ಬುಡ್ತೀನಿ."

"ನೋಡದೆ ಕೊಡೋ ಮಾತ್ರೆ ಅಲ್ಲ ಇದು. ಕರ್ಕೊಂಡು ಬನ್ನಿ."

"ಅವ್ಳು ಬರಕ್ಕಿಲ್ಲ ಸಾರ್. ಒಸಿ ನಾಚ್ಕೆ."

"ಹಾಗಾದ್ರೆ ನಾನೇ ಬರ್ತೀನಿ. ಗುರುವಾರ ಜೀಪಿದೆ."

ಪಕ್ಕದ ಮೇಜಿನಲ್ಲಿ ಹತ್ತಿ ಉಂಡೆ ಮಾಡುತ್ತಿದ್ದ ನರ್ಸ್ ಅಕ್ಬರಿ ಬೇಗಂ ತಲೆಯೆತ್ತದೆ ಕೇಳಿದಳು. ಇವಳೂ ಸರ್ವಮಂಗಳಳೂ ಒಂದೇ ಹೈಸ್ಕೂಲಿನಲ್ಲಿ ಓದಿದವರು.

"ಯಾವ ಮುನಿಕೃಷ್ಣನ ಹೆಂಡ್ತಿನೇ ಅವ್ಳು? ನಿಮ್ಮೂರಲ್ಲಿ ಇರೋದು ಒಬ್ನೇ ಮುನಿಕೃಷ್ಣ, ಅವ್ನು ಏಳನೇ ಕ್ಲಾಸು."

"ಇವ್ರು ಹೊಸಬ್ರು ಕಣೆ. ಬಾಡಿಗೆಗೆ ಬಂದವ್ರೆ."

ಗುರುವಾರದ ಹೊತ್ತಿಗೆ ಸರ್ವಮಂಗಳ ಆ ಹೊಸಬರನ್ನು ಊರು ಬಿಡಿಸಿದ್ದಳು. "ತವರಿಗೆ ಹೊಂಟೋದ್ಲು ಸಾರ್. ಮಾಗಡಿ ತಾಲ್ಲೂಕು, ಗುಡ್ಡದಪಾಳ್ಯ." ಇಷ್ಟು ದೂರ ಕಳಿಸಿದರೆ ಸಾಕೆಂದುಕೊಂಡಿದ್ದಳು. ಆದರೆ ಡಾಕ್ಟರು ಸಾಕೆನ್ನಲಿಲ್ಲ. "ಒಂಬತ್ತನೇದಕ್ಕೆ ಒಂದು ಹಾಕಿರೋರನ್ನ ಹಾಗೆ ಬಿಡೋಕಾಗಲ್ಲ ಅಕ್ಕ" ಎಂದು ಅಲ್ಲೇ ಫೋನ್ ತೆಗೆದು, ಆ ಕಡೆಯ ಆರೋಗ್ಯ ಸಹಾಯಕ ಲೋಕೇಶ್ ಎಂಬಾತನನ್ನು ಹಿಡಿದು, ಹೆಸರು, ವಯಸ್ಸು, ಗಂಡನ ಹೆಸರು ಹೇಳಿ ಹುಡುಕಲು ಹಚ್ಚಿದ.

ಸರ್ವಮಂಗಳ ನಿಶ್ಚಿಂತೆಯಿಂದ ಮನೆಗೆ ಹೋದಳು. ಇಲ್ಲದವಳು ಎಲ್ಲಿ ಸಿಗುತ್ತಾಳೆ?

ನಾಲ್ಕನೇ ದಿನ ಸಿಕ್ಕಳು.

"ಬನ್ನಿ ಮಂಗಳಕ್ಕ, ಖುಷಿ ಸಮಾಚಾರ" ಎಂದು ಡಾಕ್ಟರು ಫೋನ್ ತಿರುಗಿಸಿ ಹಿಡಿದ. ಲೋಕೇಶನ ವರದಿ ಬಂದಿತ್ತು. 'ರೋಗಿಯನ್ನು ಖುದ್ದಾಗಿ ಭೇಟಿ ಮಾಡಲಾಯಿತು. ಧೈರ್ಯ ಹೇಳಲಾಯಿತು. ಚಿಕ್ಕತಾಯಮ್ಮನವರು ಗುಣಮುಖರಾಗಿದ್ದಾರೆ.' ಕೆಳಗೆ ಫೋಟೋ. ದಿನಾಂಕ, ಗಂಟೆ, ಜಾಗ ಎಲ್ಲವೂ ಅಚ್ಚಾಗಿದ್ದ ಫೋಟೋದಲ್ಲಿ ಲೋಕೇಶ್ ಹಲ್ಲು ಬಿಟ್ಟುಕೊಂಡು ನಿಂತಿದ್ದ. ಪಕ್ಕದಲ್ಲಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಇನ್ನೊಂದು ಕೈಯಲ್ಲಿ ಮಾತ್ರೆ ಹಾಳೆಯನ್ನು ಬಸ್ ಟಿಕೆಟಿನಂತೆ ಚಾಚಿಕೊಂಡು ಒಬ್ಬ ಹಣ್ಣು ಹಣ್ಣು ಮುದುಕಿ ಕೂತಿದ್ದಳು. ಒಂದು ಗಳಿಗೆ ಅಜ್ಜಿಯೇ ಎದ್ದು ಬಂದಳೇನೋ ಎಂದು ಸರ್ವಮಂಗಳ ಒಂದು ಹೆಜ್ಜೆ ಹಿಂದೆ ಸರಿದಳು.

"ಮೂವತ್ತೆಂಟು ಅಂತ ಬರ್ದಿದ್ರಿ" ಎಂದ ಡಾಕ್ಟರು. "ಇವ್ರಿಗೆ ಎಪ್ಪತ್ತು ದಾಟಿರ್ಬೇಕು."

"ಕಾಯ್ಲೆ ಸಾರ್. ಒಣಗೋಗವ್ಳೆ."

ಅಕ್ಬರಿ ಬೇಗಂಗೆ ಕೆಮ್ಮು ಬಂತು.

ಡಾಕ್ಟರು ಫೋಟೋ ನೋಡಿದ, ಸರ್ವಮಂಗಳಳನ್ನು ನೋಡಿದ. ಫಾರಂ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದ. "ಸರಿ. ಗುಣ ಆಗಿದ್ದಾರಲ್ಲ, ಕೇಸು ಮುಗಿಸಿಬಿಡ್ಲಾ?"

ತಪ್ಪಿಸಿಕೊಳ್ಳಲು ಇದಕ್ಕಿಂತ ದೊಡ್ಡ ಬಾಗಿಲು ಬೇಕಿರಲಿಲ್ಲ. ಮುಗ್ಸಿ ಸಾರ್ ಎಂದಿದ್ದರೆ ಆಯಿತು, ಚಿಕ್ಕತಾಯಮ್ಮ ತಾನು ಬಂದ ಅಡುಗೆಮನೆಗೇ ವಾಪಸು ಹೋಗುತ್ತಿದ್ದಳು. ಸರ್ವಮಂಗಳ ಹಾಗೆಂದು ಹೇಳಲೆಂದೇ ಬಾಯಿ ತೆರೆದಳು. ಆದರೆ ಆ 'ಗುಣಮುಖ' ಎಂಬ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಅಡ್ಡ ಕೂತಿತು. ಮೀನು ಮುಟ್ಟದ ಮನೆಯವಳು, ಆದರೂ ಮುಳ್ಳೆಂದರೆ ಹೀಗೇ ಇರಬೇಕು ಅನ್ನಿಸಿತು. ಆ ದಿನ ಬೆಳಗಿನ ಜಾವವೂ ಮೂರಕ್ಕೆ ಎದ್ದು, ಹಿತ್ತಲ ಮೆಟ್ಟಿಲ ಮೇಲೆ ಕೋಳಿ ಕೂಗುವವರೆಗೂ ಕೂತಿದ್ದವಳು ತಾನು. ಇವನ್ಯಾವನೋ ಮಾಗಡಿಯಲ್ಲಿ ನಿಂತುಕೊಂಡು ನಾಲ್ಕೇ ದಿನದಲ್ಲಿ ಗುಣ ಮಾಡಿಬಿಟ್ಟನಂತೆ.

"ಎಲ್ಲಿ ಗುಣ ಆಗವ್ಳೆ?" ಎಂದಳು. ದನಿ ಅವಳಿಗೇ ಜೋರೆನಿಸಿತು. "ಏನ್ ಗೊತ್ತು ಅವನ್ಗೆ? ಇವತ್ತೂ ಮೂರು ಗಂಟೆಗೇ ಎದ್ದವ್ಳೆ ಸಾರ್ ಅವ್ಳು. ಎರಡು ದಿನದಿಂದ ಮುದ್ದೆ ಗಂಟಲಲ್ಲಿ ಇಳೀತಿಲ್ಲ. ನಿನ್ನೆ ಲಸಿಕೆ ಹಾಕ್ಸೋವಾಗ ಕೂಸು ಅಳ್ತು ಅಂತ ತಾನೂ ಗೋಡೆ ಕಡೆ ತಿರುಕ್ಕಂಡು ಅತ್ಲು. ಮಗಳು ಪಾಸಾದ್ರೂ ಖುಷಿ ಆಗಕ್ಕಿಲ್ಲ ಅವ್ಳಿಗೆ. ಅಂತವ್ಳ್ನ ಗುಣ ಆದ್ಲು ಅಂತ ಬರ್ದವ್ನಲ್ಲ, ಕೈಗೆ ಲಕ್ವ ಹೊಡ್ಯ."

ಡಾಕ್ಟರು ಪೆನ್ನಿಗೆ ಮತ್ತೆ ಮುಚ್ಚಳ ಹಾಕಿದ.

"ನಿಮಗೆ ಹೇಗೆ ಗೊತ್ತು ಅಕ್ಕ?" ಡಾಕ್ಟರು ಮೆಲ್ಲಗೆ ಕೇಳಿದ. "ನಿನ್ನೆ ನಮ್ಮಲ್ಲಿ ಲಸಿಕೆ ಹಾಕ್ಸಿದ್ದು ನೀವಲ್ವಾ?"

ಸರ್ವಮಂಗಳ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ನಾನೇ ಸಾರ್" ಎಂದಳು.

ಅಕ್ಬರಿ ಬೇಗಂ ಎದ್ದು ಬಾಗಿಲಿಗೆ ಹೋದಳು. ಹೊಸಿಲ ಮೇಲೆ ಆರೇಳು ಜನ ಕತ್ತು ಚಾಚಿಕೊಂಡಿದ್ದರು. "ಆಚೆ ಕೂತ್ಕಳ್ರಪ್ಪ, ಸಾರ್ ಹೊಸಾ ಇಂಜೆಕ್ಷನ್ ಟ್ರೈ ಮಾಡ್ತಾವ್ರೆ. ದಪ್ಪ ಸೂಜಿ. ಮೊದ್ಲು ಯಾರು ಬತ್ತೀರಿ?" ಅಂಗಳ ಖಾಲಿಯಾಯಿತು. ಅವಳು ಬಾಗಿಲು ಹಾಕಿ ಚಿಲಕ ಜಡಿದಳು.

"ಕೂತ್ಕೊಳ್ಳಿ" ಎಂದು ಡಾಕ್ಟರು ರೋಗಿಯ ಸ್ಟೂಲು ತೋರಿಸಿದ. ನೂರಾರು ಜನರನ್ನು ಹೆಗಲು ಹಿಡಿದು ಅದರ ಮೇಲೆ ಕೂರಿಸಿದ್ದವಳು ಸರ್ವಮಂಗಳ. ಅದರ ಒಂದು ಕಾಲು ಗಿಡ್ಡ ಎಂದು ಅವಳಿಗೆ ತಿಳಿದದ್ದು ಆವತ್ತೇ.

ಡಾಕ್ಟರು ಹೊಸ ಫಾರಂ ತೆಗೆದು, ಗೊತ್ತಿದ್ದ ಪ್ರಶ್ನೆಗಳನ್ನೇ ಒಂದೊಂದಾಗಿ ಮತ್ತೆ ಕೇಳಿದ. ಬರೆಯುವುದು ಬೇರೆ, ಬಾಯಿ ಬಿಟ್ಟು ಹೇಳುವುದು ಬೇರೆ. ನಿದ್ದೆಯದು ಹೇಳಿದಳು, ಊಟದ್ದು ಹೇಳಿದಳು. ಎದೆ ಹೊಡೆದುಕೊಳ್ಳುವ ವಿಷಯ ಬಂದಾಗ ಹಳೆಯ ದಾರಿ ಹಿಡಿದಳು.

"ಅದು ಗ್ಯಾಸಿರ್ಬೋದು ಸಾರ್."

"ನೀನೇನು ಸಿಲಿಂಡರ್ರಾ?" ಎಂದಳು ಅಕ್ಬರಿ ಬೇಗಂ. ಆ ಮಾತು ಆರೋಗ್ಯ ಕೇಂದ್ರದವರೆಗೂ ಬಂದಿದೆ ಎಂದು ಸರ್ವಮಂಗಳಳಿಗೆ ಗೊತ್ತಿರಲಿಲ್ಲ. ಆರು ತಿಂಗಳಲ್ಲಿ ಮೊದಲ ಸಲ, ನೆನಪು ಮಾಡಿಕೊಳ್ಳದೆ ನಗು ಬಂತು. ನಗು ಮುಗಿಯುವ ಮೊದಲೇ ಅಳುವೂ ಬಂತು. ಡಾಕ್ಟರು ಅವಸರ ಮಾಡಲಿಲ್ಲ. ಒಂಬತ್ತನೆಯದನ್ನು ಕೇಳುವ ಮುನ್ನ ಪೆನ್ನು ಕೆಳಗಿಟ್ಟ.

"ಅನ್ಸುತ್ತೆ ಸಾರ್, ಒಂದೊಂದ್ ದಿನ."

"ಏನಾದ್ರೂ ಮಾಡ್ಕೊಬೇಕು ಅಂತ?"

"ಇಲ್ಲ ಸಾರ್. ಬೆಳಿಗ್ಗೆ ಎದ್ದೇಳ್ದೆ ಇದ್ರೆ ಸಾಕಪ್ಪ ಅಂತ, ಅಷ್ಟೆಯ. ಆಮೇಲೆ ಹಾಲ್ನೋನು ಬೆಲ್ ಹೊಡೀತಾನೆ, ಎದ್ದೇಳ್ತೀನಿ."

"ಅದು ಒಂದರಿಂದ ಎರಡಾಗೋ ಹಾಗಿದ್ರೆ, ಆ ಗಳಿಗೆಗೇ ನನಗೆ ಫೋನು. ಎಷ್ಟೊತ್ತಾದ್ರೂ. ಮಾತ್ರೆ ಕೊಡ್ತೀನಿ, ಹಿಡಿಯೋಕೆ ಎರಡು ಮೂರು ವಾರ ಬೇಕು, ಮಧ್ಯ ಬಿಡಬಾರ್ದು. ಕನಕಪುರದಲ್ಲಿ ಮನೋವೈದ್ಯರಿಗೂ ತೋರ್ಸೋಣ. ವಾರವಾರ ಬಂದು ಈ ಸ್ಟೂಲ್ ಮೇಲೆ ಕೂರ್ಬೇಕು. ಮನೇಲಿ ಒಬ್ರಿಗಾದ್ರೂ ಹೇಳ್ಬೇಕು."

"ನಮ್ಮೆಜಮಾನ್ರಿಗೆ ಕಿವಿ ಕೇಳಕ್ಕಿಲ್ಲ ಸಾರ್."

"ಕರೆಂಟ್ ಹೋದಾಗ ಹೇಳು" ಎಂದಳು ಅಕ್ಬರಿ ಬೇಗಂ. "ಗಿರಣಿ ನಿಂತಿರ್ತದೆ, ಪಕ್ಕದಲ್ಲಿ ಕೂತ್ಕಂಡು ಕಿವಿಗೇ ಹೇಳು. ದಿನಕ್ಕೆ ನಾಲ್ಕು ಸಲ ಹೋಗ್ತದೆ, ಒಂದ್ಸಲನಾದ್ರೂ ಧೈರ್ಯ ಬತ್ತದೆ."

ಡಾಕ್ಟರು ಫಾರಂನ ತಲೆಗೆ ಬಂದ. ಹೆಸರು ಬರೆದುಕೊಂಡ. "ವಯಸ್ಸು?"

"ಮೂವತ್ತೆಂಟು."

"ಮಂಗಳ" ಎಂದಳು ಅಕ್ಬರಿ ಬೇಗಂ.

"ನಲವತ್ತೆರಡು."

"ನಾನೂ ನೀನೂ ಒಂದೇ ವರ್ಸ ಎಸ್ಸೆಲ್ಸಿ ಬರ್ದಿದ್ದು. ನಂಗೆ ನಲವತ್ನಾಲ್ಕು."

"ಬರ್ಕಳಿ ಸಾರ್, ನಲವತ್ನಾಲ್ಕು" ಎಂದು ಸರ್ವಮಂಗಳ ಸೆರಗಿನಿಂದ ಮೂಗು ಒರೆಸಿಕೊಂಡಳು. "ಒಂಬತ್ತನೇದಕ್ಕಿಂತ ಇದೇ ಕಷ್ಟ ಆಯ್ತು."

ಮಾತ್ರೆ ಬ್ಯಾಗಿಗೆ ಹಾಕಿಕೊಂಡು ಏಳುವಾಗ ಮೇಜಿನ ಮೇಲಿದ್ದ ಡಾಕ್ಟರ ಫೋನಿನ ಕಡೆ ಅವಳ ಕಣ್ಣು ಹೋಯಿತು. ಬಗ್ಗಿ ಆ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿದಳು. ಲೋಕೇಶನ ಹಲ್ಲು ಆಚೆ ಹೋಗಿ ಮುದುಕಿಯ ಮುಖವೊಂದೇ ಉಳಿಯಿತು. ಮುದುಕಿ ನೋಡುತ್ತಿದ್ದುದು ಕ್ಯಾಮೆರಾದ ಕಡೆ, ಕಂಡದ್ದು ಏನೂ ಇದ್ದಂತಿರಲಿಲ್ಲ.

"ಈ ಅಜ್ಜಿ ಯಾರು ಅಂತ ಆ ಲೋಕೇಶನ್ನ ಒಸಿ ಕೇಳಿ ಸಾರ್" ಎಂದಳು. "ಫಾರಂ ತಕ್ಕೊಂಡು ಹೋಗಿ, ನಿಂತ್ಕಂಡಲ್ಲ, ಕೂತ್ಕಂಡು ಕೇಳೋಕೆ ಹೇಳಿ. ಇದು ಗ್ಯಾಸಿನ ಮೊಕ ಅಲ್ಲ."