ಬಲಗಿವಿಯ ತಂತಿ

ಅದಿರಿನ ಧೂಳು ಬಳ್ಳಾರಿಯ ಮೇಲೆ ದುಡ್ಡಾಗಿ ಇಳಿಯುತ್ತಿದ್ದ ವರ್ಷಗಳವು. ಕಿವಿಯಲ್ಲಿ ನೀಲಿ ದೀಪ ಮಿಣುಕುವ ಬ್ಲೂಟೂತ್ ಸಿಕ್ಕಿಸಿಕೊಂಡ ಹುಡುಗರು ಒಬ್ಬೊಬ್ಬರೇ ಮಾತಾಡುತ್ತ ರಸ್ತೆಯಲ್ಲಿ ನಡೆದರೆ, ಕಂಡ ಮುದುಕಿಯರು "ಪಾಪ, ಯಾರ ಮನಿ ಹುಡುಗನೋ" ಎಂದು ಮರುಗುತ್ತಿದ್ದರು.

ಕೌಲ್ ಬಜಾರಿನ ಸೈಫುದ್ದೀನನ ರಿಪೇರಿ ಅಂಗಡಿಗೆ ಬರುತ್ತಿದ್ದವರು ಮಾತ್ರ ತಂತಿಯ ಮಂದಿ. ಇಯರ್‌ಫೋನಿನ ತಂತಿ ಎಲ್ಲಿ ಕಡಿಯುತ್ತದೆಂದು ಅವನು ಕಣ್ಣು ಮುಚ್ಚಿ ಹೇಳುತ್ತಿದ್ದ: ಒಂದೋ ಪಿನ್ನಿನ ಕುತ್ತಿಗೆಯಲ್ಲಿ, ಇಲ್ಲವೇ ಎರಡು ಕಿವಿಗೆ ಕವಲೊಡೆಯುವ ಜಾಗದಲ್ಲಿ. ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಅದಿರು ಲಾರಿಯ ಡ್ರೈವರುಗಳು. ಅವರ ಇಯರ್‌ಫೋನಿನ ಜಾಲರಿಯನ್ನು ಬ್ರಷ್ಷಿನಿಂದ ತಟ್ಟಿದರೆ ಕುಂಕುಮದಂಥ ಪುಡಿ ಉದುರುತ್ತಿತ್ತು.

ಡ್ರೈವರುಗಳ ಮಟ್ಟಿಗೆ ಅವನದೊಂದು ಕಟ್ಟಳೆ ಇತ್ತು. ಎರಡೂ ಕಿವಿಗೆ ತಂತಿ ಕೂಡಿಸುತ್ತಿರಲಿಲ್ಲ. ಡ್ರೈವರು ಕೂರುವುದು ಬಲಗಡೆ, ಹಿಂದಿನಿಂದ ಹಾಯುವ ಗಾಡಿಯ ಹಾರನ್ ಬರುವುದು ಬಲಗಡೆಯ ಕಿಟಕಿಯಿಂದ. ಅದಕ್ಕೇ ಬಲಗಿವಿಯ ತಂತಿಯನ್ನು ಕತ್ತರಿಸಿ, ತುದಿಗೊಂದು ಗಂಟು ಹಾಕಿ, ಎಡಗಿವಿಯದನ್ನಷ್ಟೇ ಉಳಿಸುತ್ತಿದ್ದ. ಹೊಸದನ್ನು ಕೊಂಡರೂ ಅಷ್ಟೇ, ಎದುರಿಗೇ ಕತ್ತರಿ ಆಡಿಸಿ ಕೊಡುತ್ತಿದ್ದ.

ಕುರುಗೋಡಿನ ಹುಲುಗಪ್ಪ ಮೊದಲು ಕೇಳಿದ್ದು ಬ್ಲೂಟೂತನ್ನೇ. "ಅದರ ಚಾರ್ಜು ಅರ್ಧ ದಾರ್ಯಾಗ ಸಾಯ್ತೈತಿ, ಬಿದ್ರ ಧೂಳಿನ್ಯಾಗ ಸಿಗಂಗಿಲ್ಲ" ಎಂದು ಸೈಫುದ್ದೀನ ತಂತಿಯದನ್ನೇ ಕೊಟ್ಟಿದ್ದ.

"ಎರಡು ಕಿವಿ ರೊಕ್ಕ ತಗೊಂಡು ಒಂದ ಕಿವಿ ಕೊಡ್ತೀಯಲ್ಲ, ಭಾಯ್."

"ಇನ್ನೊಂದು ಯಮಗ ಮೀಸಲು. ಅವ ಹಾರನ್ ಹೊಡದ್ರ ಕೇಳಬೇಕಲ್ಲಲೇ."

ಹುಲುಗಪ್ಪ ಬಲಗಿವಿ ಸವರಿಕೊಂಡು ನಕ್ಕಿದ್ದ. ಅವನು ಯಾವಾಗಲೂ ಎಡಭುಜವನ್ನು ಮುಂದೆ ಮಾಡಿ, ಕತ್ತು ಓರೆ ಮಾಡಿ ನಿಲ್ಲುತ್ತಿದ್ದ. ಸೈಫುದ್ದೀನ ಅದನ್ನು ಗತ್ತು ಎಂದುಕೊಂಡಿದ್ದ.

ಆ ಹುಲುಗಪ್ಪ ಅದಿರು ರಾಶಿ ಹಾಕುವ ಪ್ಲಾಟಿನಲ್ಲಿ ಲಾರಿ ಹಾಯ್ದು ಸತ್ತು ಇಪ್ಪತ್ತು ದಿನವಾಗಿತ್ತು. ಒಂದು ಮಧ್ಯಾಹ್ನ ಅವನ ಹೆಂಡತಿ ಎರ್ರಮ್ಮ ಅಂಗಡಿಯ ಮೆಟ್ಟಿಲ ಮುಂದೆ ನಿಂತಳು. ಸೈಫುದ್ದೀನ ಸ್ಟೂಲು ಒರೆಸಿ ಕೊಟ್ಟ. ಅವಳು ಕೂರದೆ, ಪ್ಲಾಸ್ಟಿಕ್ ಕವರಿನಿಂದ ಇಯರ್‌ಫೋನ್ ತೆಗೆದು ಕೌಂಟರಿನ ಮೇಲಿಟ್ಟಳು. ತನ್ನ ಕೈಯ ಗಂಟು ಅವನಿಗೆ ಕೂಡಲೇ ಗುರುತು ಸಿಕ್ಕಿತು.

"ಅಣ್ಣಾರ, ಇದು ಮಾತಾಡ್ತೈತೋ ಇಲ್ಲೋ ನೋಡಿ ಹೇಳ್ರಿ."

"ಈಗ ಇದ್ಯಾಕ ತಂಗೆಮ್ಮಾ?"

"ಅವತ್ತು ಫೋನಿನ್ಯಾಗ ಇದ್ದಾಕಿ ನಾನs." ಅವಳು ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. "ಗಾಡಿ ನಿಲ್ಲಿಸಿ ಕೆಳಗ ಇಳದು ತಾಡಪಾಲ ಬಿಚ್ಚಾಕ ಹತ್ತಿದ್ರು. ಬದನಿಕಾಯಿ ಮಾಡ್ಲೋ ಹೆಸರುಕಾಳು ಮಾಡ್ಲೋ ಅಂತ ಕೇಳಿದೆ. ಅಷ್ಟರಾಗ ಹೋ ಹೋ ಅಂತ ಕ್ಲೀನರ್ ಒದರಿದ, ಗಾಡಿ ತಗಡು ಬಡದ. ಹಿಂದಿಂದ ರಿವರ್ಸ್ ಬರೋ ಇನ್ನೊಂದು ಗಾಡಿ ಕ್ಲೀನರ್ ಅಂವ. ನನಗ ಕುರುಗೋಡಿನ್ಯಾಗ ಕೇಳಿಸ್ತು, ಅಣ್ಣಾರ. ಅಲ್ಲೇ ನಿಂತಾವ್ರಿಗೆ ಕೇಳಿಸಲಿಲ್ಲ."

ಸೈಫುದ್ದೀನ ತಂತಿಯ ಸಿಕ್ಕು ಬಿಡಿಸತೊಡಗಿದ.

"ನಮ್ಮತ್ತಿ ನಾನs ಮಾತಾಡಿ ಕೊಂದೆ ಅಂತಾಳ. ತಂತಿ ಕೆಟ್ಟಿತ್ತಂದ್ರ ನನ್ನ ಮಾತು ಅವ್ರಿಗೆ ಮುಟ್ಟಿಲ್ಲ ಅಂದಂಗಾತಲ್ರಿ? ಬದನಿಕಾಯಿ ಮಾಡು ಅಂತನೂ ಅನ್ನಲಿಲ್ಲ ಅವ್ರು."

ಅವಳ ಆಸೆಯೆಲ್ಲ ಆ ಮೂರು ಮೊಳದ ತಂತಿಗೆ ಜೋತುಬಿದ್ದಿತ್ತು. ಸೈಫುದ್ದೀನ ಪಿನ್ನನ್ನು ಮೇಜಿನ ರೇಡಿಯೊಗೆ ಸಿಕ್ಕಿಸಿ ಎಡಗಡೆಯದನ್ನು ಕಿವಿಗೆ ಹಿಡಿದ. ಯಾರೋ ಹತ್ತಿಯ ಧಾರಣೆ ಓದುತ್ತಿದ್ದರು, ಒಂದಕ್ಷರವೂ ತೊದಲದೆ. ಅವಳಿಗೆ ಕೇಳಿಸದಂತೆ ಅದನ್ನು ಕಿವಿಗೆ ಒತ್ತಿಕೊಂಡೇ ಇದ್ದ. ಸತ್ತುಹೋಗೈತಿ ಅಂದರೆ ಮುಗಿಯಿತು. ವ್ಯಾಪಾರದಲ್ಲಿ ಇದಕ್ಕಿಂತ ದೊಡ್ಡ ಸುಳ್ಳುಗಳನ್ನು ಸಣ್ಣ ಲಾಭಕ್ಕೆ ಆಡಿದ್ದ. ಇದರಿಂದ ಒಬ್ಬ ಹೆಣ್ಣುಮಗಳು ರಾತ್ರಿ ನಿದ್ದೆ ಮಾಡಿಯಾಳು.

ಅವನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಅಂದಳು: "ಮೊದಲು ಡ್ಯೂಟಿಮ್ಯಾಗ ಇದ್ರ ನಾನು ಫೋನs ಮಾಡ್ತಿರಲಿಲ್ರಿ. 'ಭಾಯ್ ಒಂದು ಕಿವಿ ಬಿಟ್ಟಾನ, ಯಾವಾಗ ಬೇಕಾದ್ರೂ ಮಾಡು' ಅಂದ್ರು. ಬಲಗಿವಿ ಸತ್ತೈತಿ ಅಂತ ಗೊತ್ತಿದ್ದೂ, ಬಿಟ್ಟಿದ್ದು ಯಾವ ಕಿವಿ ಅಂತ ಕೇಳದs ನಾನೂ ಧೈರ್ಯ ತಗೊಂಡೆ."

ಸೈಫುದ್ದೀನನ ಕೈ ಕಿವಿಯಿಂದ ಕೆಳಗಿಳಿಯಿತು.

"ಏನಂದಿ? ಬಲಗಿವಿ?"

"ಗಣಿಯಾಗ ಮದ್ದು ಹಾರಿಸಿದಾಗ ಹೋಗಿತ್ತಲ್ರಿ, ಎರಡು ವರ್ಷಾತು. ಯಾರಿಗೂ ಹೇಳಿರಲಿಲ್ಲ. ಗೊತ್ತಾದ್ರ ಮಾಲಕರು ಗಾಡಿಯಿಂದ ಇಳಿಸ್ತಾರಂತ. ಊಟಕ್ಕ ಕುಂತಾಗೂ ನಾನು ಎಡಕ್ಕs ಕೂಡ್ತಿದ್ದೆ."

ಓರೆ ಮಾಡಿದ ಆ ಕತ್ತು ನೆನಪಾಯಿತು. ಮುಂದೆ ಮಾಡಿದ ಎಡಭುಜ ನೆನಪಾಯಿತು. ಗತ್ತಲ್ಲ ಅದು.

ಈಗ ಆ ಸುಳ್ಳು ಮೊದಲಿಗಿಂತ ಹತ್ತಿರ ಬಂದು ನಿಂತಿತ್ತು. ಅವಳಿಗೂ ನೆಮ್ಮದಿ, ಅವನಿಗೂ ನೆಮ್ಮದಿ. ಅದಕ್ಕೇ ಅವನು ಅದನ್ನು ಆಡಲಿಲ್ಲ. ತಂತಿಯನ್ನು ಕೌಂಟರಿನ ಮೇಲೆ ನೀಟಾಗಿ ಹಾಸಿ, ಕತ್ತರಿಸಿದ ತುದಿಯನ್ನು ಬೆರಳಿಟ್ಟು ತೋರಿಸಿದ.

"ನೋಡು ತಂಗೆಮ್ಮಾ. ಇದು ಬಲಗಿವಿದು, ಇದನ್ನ ಕತ್ತರಿಸಿದಾವ ನಾನು. ಎಡಗಿವಿದು ಚಂದ ಮಾತಾಡ್ತೈತಿ. ಕೇಳೋ ಕಿವಿ ತುಂಬಿಸಿ, ಕೇಳದ ಕಿವಿ ಬಿಟ್ಟೀನಿ. ಎಲ್ಲಾ ಡ್ರೈವರಿಗೂ ಹಿಂಗs ಮಾಡ್ತೀನಿ. ನಿನಗ ಯಾವ ಕಿವಿ ಕೇಳ್ತೈತಪ್ಪಾ ಅಂತ ಒಬ್ಬರನ್ನೂ ಕೇಳಿಲ್ಲ. ಕೇಳಿದ್ರ ಇದನ್ನ ಅವನ ಕೈಯಾಗ ಕೊಡ್ತಿರಲಿಲ್ಲ. ನಿಮ್ಮತ್ತಿಗೆ ಹೇಳು, ಬೇಕಾದ್ರ ನಾನs ಕುರುಗೋಡಿಗೆ ಬಂದು ಹೇಳ್ತೀನಿ."

ಎರ್ರಮ್ಮ ಕತ್ತರಿಸಿದ ಆ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಅವ್ರಿಗೆ ಗೊತ್ತಿತ್ತಲ್ರಿ," ಎಂದಳು. "ಯಾವ ಕಿವಿ ಬಿಟ್ಟೀರಿ ಅಂತ ಅವ್ರಿಗೆ ಗೊತ್ತಿತ್ತು. ಗೊತ್ತಿದ್ದs ನನಗ ಫೋನ್ ಮಾಡು ಅಂದ್ರು."

"ನಿನ್ನ ದನಿ ಬೇಕಿತ್ತವ್ವಾ ಅವಗ."

ಅವಳು ಅತ್ತಳು. ಅಂಗಡಿಗೆ ಬಂದಾಗಿನಿಂದ ಅತ್ತಿರಲಿಲ್ಲ. ಸೈಫುದ್ದೀನ ಎದ್ದು, ದಾರಿಹೋಕರಿಗೆ ಕಾಣದಂತೆ ಷಟರನ್ನು ಅರ್ಧ ಎಳೆದು, ತಾನು ಹೊರಗೆ ಮೆಟ್ಟಿಲ ಮೇಲೆ ಕೂತ. ಅವಳು ಮುಖ ಒರೆಸಿಕೊಂಡು ಬಗ್ಗಿ ಹೊರಬಂದಾಗ ಕವರು ಅವಳ ಕೈಯಲ್ಲೇ ಇತ್ತು.

"ನಮ್ಮತ್ತಿಗೆ ನಾನs ಹೇಳ್ತೀನಿ," ಎಂದಳು. "ನೀವು ಬರಬ್ಯಾಡ್ರಿ." ಅದು ಕ್ಷಮೆಯೋ ಸಿಟ್ಟೋ ಅವನಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ. ಅವಳು ಕುರುಗೋಡಿನ ಬಸ್ಸು ಹಿಡಿಯಲು ಹೊರಟಳು.

ವಾರದ ಮೇಲೆ ಸಿರುಗುಪ್ಪದ ಕಡೆಯ ಜೋಗಪ್ಪ ಎಂಬ ಡ್ರೈವರು ಬಂದ. ಇಪ್ಪತ್ತಮೂರರ ಹುಡುಗ, ನಾಲ್ಕು ವರ್ಷದಿಂದ ಕಲ್ಲು ಪುಡಿಮಾಡುವ ಕ್ರಷರಿನ ಲೋಡು ಹೊಡೆಯುತ್ತಿದ್ದ.

"ಭಾಯ್, ನಿಮ್ಮ ಒಂದು ಕಿವಿ ಮಾಲು ಕೊಡ್ರಿ."

"ಎರಡೂ ಕಿವಿ ನೆಟ್ಟಗ ಅದಾವೇನು ನಿನಗ?"

"ಲಗ್ನಕ್ಕ ಹೆಣ್ಣು ನೋಡಾಕತ್ತೀರೇನ್ರಿ?" ಹುಡುಗ ನಕ್ಕ. "ಪಕ್ಕಾ ಅದಾವ."

ಸೈಫುದ್ದೀನ ಅವನನ್ನು ಒಳಗೆ ಕರೆದು, ಷಟರು ಎಳೆದು, ತನ್ನ ಕೀಲಿ ಕೊಡುವ ಹಳೆಯ ವಾಚನ್ನು ಬಿಚ್ಚಿ ಅವನ ಎಡಗಿವಿಯ ಬಳಿ ಹಿಡಿದ.

"ಟಿಕ್ ಟಿಕ್ ಅಂತೈತ್ರಿ."

ಬಲಗಿವಿಯ ಬಳಿ ಹಿಡಿದ. ಜೋಗಪ್ಪ ನಗುನಗುತ್ತಲೇ ಸ್ವಲ್ಪ ಹೊತ್ತು ಕಾದ.

"ಕೀಲಿ ಕೊಡ್ರಿ ಭಾಯ್," ಎಂದ. "ನಿಮ್ಮ ವಾಚು ನಿಂತು ಹೋತು."

ವಾಚು ನಿಂತಿರಲಿಲ್ಲ.