ತಿಪ್ಪಸಂದ್ರದಲ್ಲಿ ನಿಂತ ಬಸ್ಸು

ನಾಡಿನ ಕೈಗಾರಿಕೆ ಏಳುವುದೋ ಬೀಳುವುದೋ ಎಂಬುದು ತೀರ್ಮಾನವಾಗಬೇಕಿದ್ದದ್ದು ತಿಪ್ಪಸಂದ್ರದ ಹುಣಸೆಮರದ ಕೆಳಗೆ. ಕಂಪನಿಯ ಬಸ್ಸು ಅಲ್ಲಿ ಒಬ್ಬ ಹೆಣ್ಣುಮಗಳಿಗಾಗಿ ಒಸಿ ಹೊತ್ತು ಕಾಯಬಹುದೇ, ಕೂಡದೇ? ಈ ಬಗ್ಗೆ ಬಿಡದಿಯ ಕಾರ್ಖಾನೆಯಲ್ಲಿ ಸಭೆಗಳಾಗಿದ್ದವು, ಬಿಸ್ಕತ್ತು ಖರ್ಚಾಗಿತ್ತು. ಕೊನೆಗೆ ಸಾರಿಗೆ ವಿಭಾಗದ ಅಶೋಕ್ ಡ್ರೈವರ್ ಮರಿಯಪ್ಪನಿಗೆ ನೋಟಿಸ್ ಕೊಟ್ಟಿದ್ದ: ಇನ್ನೊಂದು ಸಲ ಕಾದರೆ ಕೆಲಸವಿಲ್ಲ.

ಮಾರನೇ ಮುಂಜಾನೆ ಕುದೂರಿನಲ್ಲಿ ಬಸ್ಸು ಹತ್ತಿದವರು ಕಾರ್ಖಾನೆಯ ಹೊಸ ಮುಖ್ಯಸ್ಥೆ ಮುನಿರತ್ನಮ್ಮ. ಸೀಟು ಬಿಡಲು ಎದ್ದವರನ್ನೆಲ್ಲ ಕೂರಿಸಿ, ಸೊಂಟ ಮುರಿಯುವ ಹಿಂದಿನ ಸಾಲಿಗೆ ಹೋಗಿ ಕೂತರು. ಮರಿಯಪ್ಪ ಕನ್ನಡಿಯಲ್ಲಿ ನೋಡಿದ. ಸಾಕ್ಷಿ ಸಮೇತ ಹಿಡಿಯೋಕೆ ಬಂದವ್ರೆ ಅಂದುಕೊಂಡ.

ತಿಪ್ಪಸಂದ್ರ ಬಂತು. ಮರದಡಿ ಶಿವಲಕ್ಷ್ಮಿ ಇರಲಿಲ್ಲ. ಹೋದರೆ ಅವಳ ಒಂದು ದಿನದ ಸಂಬಳ, ನಿಂತರೆ ತನ್ನ ಅನ್ನ. ಮರಿಯಪ್ಪ ತನ್ನನ್ನೇ ಬೈದುಕೊಳ್ಳುತ್ತ ಬ್ರೇಕು ತುಳಿದ.

"ಯಾಕೆ ನಿಂತ್ವಿ?" ಹಿಂದಿನಿಂದ ಮುನಿರತ್ನಮ್ಮ ಕೇಳಿದರು.

"ಶಿವಲಕ್ಷ್ಮಿ ಬರ್ಬೇಕು, ಮೇಡಂ. ಅವಳ ಗಂಡ ರಾತ್ರಿ ಗೊಬ್ಬರಕ್ಕೆ ಅಂತ ಯಾರ್ದೋ ಹೊಲ್ದಾಗೆ ಕುರಿಮಂದೆ ತರುಬಿ ಅಲ್ಲೇ ಮಲಗ್ತಾನೆ. ಅವನು ಬಂದು ಕೂಸ್ನ ಎತ್ಕೊಂಡ ಮೇಲೇ ಇವಳು ಹೊರಡೋದು. ಇವತ್ತು ಹೊಲ ದೂರ ಐತೇನೋ."

ಫೋನು ಹೊಡೆದುಕೊಂಡಿತು. "ಏನ್ಲಾ ಮರಿಯಪ್ಪ, ಮತ್ತೆ ನಿಲ್ಲಿಸ್ಬುಟ್ಯಾ? ಇಲ್ಲಿ ಜಿಪಿಎಸ್‌ನಾಗೆ ಕಾಣ್ತಾ ಐತೆ." ಅಶೋಕನ ದನಿ ಬಸ್ಸಿಗೆಲ್ಲ ಕೇಳಿಸಿತು.

ಮುನಿರತ್ನಮ್ಮ ಮುಂದೆ ಬಂದು ಫೋನು ಇಸಿದುಕೊಂಡರು. "ಅಶೋಕ್, ನಾನೂ ಬಸ್ಸಲ್ಲೇ ಇದೀನಿ. ಕಾಯ್ತಿದೀವಿ."

ಅತ್ತ ಕುರ್ಚಿಯೊಂದು ಸರಿದ ಸದ್ದು. ಆಮೇಲೆ ಬರೀ "ಎಸ್ ಮೇಡಂ".

ಮುನಿರತ್ನಮ್ಮ ಬಸ್ಸಿನವರತ್ತ ತಿರುಗಿದರು, ಭಾಷಣ ಮಾಡಲಿಲ್ಲ. "ಈ ಬಸ್ಸಿನವರು ಕಾಲುಗಂಟೆ ತಡವಾಗಿ ಕೆಲಸ ಶುರು ಮಾಡೋದು, ಸಂಜೆ ಕಾಲುಗಂಟೆ ತಡವಾಗಿ ಹೊರಡೋದು. ಆಗುತ್ತಾ? ಆಗಲ್ಲ ಅನ್ನೋರು ಧಾರಾಳವಾಗಿ ಹೇಳಿ."

"ಸಂಜೆ ನನ್ ಸೀರಿಯಲ್ಲು ಅರ್ಧ ಹೋಯ್ತದಲ್ಲವ್ವಾ!" ಎಂದಳು ಬಾಗಿಲ ಪಕ್ಕದ ಸೀಟಿನ ನಾಗಲಕ್ಷ್ಮಮ್ಮ. ಅಷ್ಟರಲ್ಲಿ ಶಿವಲಕ್ಷ್ಮಿ ಒದ್ದೆ ಜಡೆ ಬೆನ್ನಿಗೆ ಬಡಿಯುತ್ತಿರಲು ಓಡಿ ಬಂದು ಹತ್ತಿದಳು. ಮುಖ್ಯಸ್ಥೆಯನ್ನು ಕಂಡು ಮೆಟ್ಟಿಲಲ್ಲೇ ಕಲ್ಲಾದಳು. "ಬಾರೇ ಒಳಕ್ಕೆ," ನಾಗಲಕ್ಷ್ಮಮ್ಮ ಅವಳ ಕೈ ಹಿಡಿದೆಳೆದಳು. "ನಿನ್ ಗಂಡನ ಕುರಿಗಳ ದೆಸೆಯಿಂದ ನಮ್ಗೆಲ್ಲಾ ಹೊಸ ಟೈಮು ಬತ್ತಾ ಐತೆ. ನಂಗೆ ಒಪ್ಪಿಗೆ, ಮೇಡಂ. ಕಥೆ ನಮ್ ಸೊಸೆ ಹೇಳ್ತಾಳೆ, ಅದೂ ಉಪ್ಪುಖಾರ ಹಾಕಿ."

ನಗು ಎದ್ದಿತು. ಒಂದೊಂದಾಗಿ ಒಪ್ಪಿಗೆಯ ಕೈಗಳೂ ಎದ್ದವು.

ಮುನಿರತ್ನಮ್ಮ ಮುಂದಕ್ಕೆ ತಿರುಗಿದರು. "ಮರಿಯಪ್ಪನೋರೆ, ನೀವು ಹೇಳ್ಲಿಲ್ಲ. ನಿಮಗೂ ಮನೆ ಸೇರೋದು ತಡ ಆಗುತ್ತೆ."

ಸ್ಟೇರಿಂಗು ಹಿಡಿದಂದಿನಿಂದ ಮರಿಯಪ್ಪನಿಗೆ ಎಲ್ಲಿಗೆ ಹೋಗಬೇಕೆಂದು ಹೇಳಿದವರು ಬೇಕಾದಷ್ಟು ಜನ. ಆಗುತ್ತಾ ಎಂದು ಕೇಳಿದವರು ಇವರೇ ಮೊದಲು. ಅವನು ಕನ್ನಡಿ ಒರೆಸಿ, "ಆಯ್ತದೆ ಮೇಡಂ" ಎಂದು ಗೇರು ಹಾಕಿದ.

ಮುಂದಿನ ಸೋಮವಾರದಿಂದ ಆ ಬಸ್ಸಿನವರ ಪಾಳಿ ಕಾಲುಗಂಟೆ ತಡವಾಗಿ ಶುರುವಾಯಿತು. ಮರಿಯಪ್ಪನ ನೋಟಿಸ್ ರದ್ದಾಯಿತು.