ಪುಶ್ ಅಂದ್ರೆ ಯಂತದು?

ಮಾಸ್ತಿಯ ಹೆಣ ಹೊತ್ತವರು ಬೇಲಿ ದಾಟುತ್ತಿದ್ದಂತೆ ಅವನ ಹಳೆಯ ಜೊತೆಗಾರ ಜಟ್ಟುವೂ ಕುಂಟುತ್ತ ಹಿಂದೆ ಹೊರಟ. ದಂಡೆಯ ಮರಳಿನಲ್ಲಿ ಕಾಲು ಹೂತು, ಅಂಗಳಕ್ಕೇ ತಿರುಗಿ ಬಂದ. ಮಾಸ್ತಿಯ ಹೆಂಡತಿ ಹೊನ್ನು ಅವನತ್ತ ಮಣೆ ಸರಿಸಿದಳು. ಬೇಲೆಕೇರಿಯ ಹೆಂಗಸರು ಒಳಗೆ ನೆಲ ಸಾರಿಸುತ್ತಿದ್ದರು.

"ಸಾಹೇಬನ ಮಾತು ಮೀರಿ ನನ್ ಜೀವಾ ಉಳಿಸ್ದ, ಅತ್ಗೆ," ಎಂದು ಜಟ್ಟು ಕಣ್ಣೊರೆಸಿಕೊಂಡ.

"ಮೀರಿದ್ದೆಲ್ಲಿ ಬಂತೋ ಜಟ್ಟು? ಮಾತು ತಿಳೀದೇ ಮಾಡ್ದ ಅಂವ."

*

ಇಪ್ಪತ್ತೆಂಟನೆಯ ಇಸವಿ. ಆಗ ಮೂವರೂ ಕಾರವಾರದಲ್ಲಿದ್ದರು. ಬಂದರಿಗೆ ಹೊಸದಾಗಿ ಬಂದಿದ್ದ ಇಂಗ್ಲಿಷ್ ಸಾಹೇಬನ ದೋಣಿಯನ್ನು ದಂಡೆಗೆ ಏರಿಸುವಾಗ ಮುಂದಿದ್ದ ಜಟ್ಟು ಜಾರಿಬಿದ್ದ. ಕಾಲು ದೋಣಿಯಡಿ ಸಿಕ್ಕಿತು. ಅದನ್ನು ಕಾಣದ ಸಾಹೇಬ "ಪುಶ್! ಪುಶ್!" ಎಂದು ಕೂಗಿದ. ಆಳುಗಳು ತಳ್ಳಲು ಹೆಗಲು ಕೊಟ್ಟರು. ಮಾಸ್ತಿ ಒಬ್ಬನೇ ಹಿಂಬದಿಯ ಹಗ್ಗ ಹಿಡಿದು, "ಪುಶಾ! ಪುಶಾ!" ಎಂದು ಅರಚುತ್ತ ಸಮುದ್ರದ ಕಡೆಗೆ ಜಗ್ಗಿದ. ಗಲಿಬಿಲಿಯಲ್ಲಿ ಉಳಿದವರೂ ಜಗ್ಗಿದರು. ಜಟ್ಟುವಿನ ಕಾಲು ಮುರಿಯಿತು, ಜೀವ ಉಳಿಯಿತು.

ಹೇಳಿದ್ದಕ್ಕೆ ಉಲ್ಟಾ ಮಾಡಿದವನನ್ನು ಸಾಹೇಬ ಮರುದಿನ ಕರೆಸಿದ. ಮಾಸ್ತಿ ಕೈಮುಗಿದ. ತಾನು ಮೊದಲು ಗೋವೆಯ ಮುರ್ಗಾಂವದಲ್ಲಿ ಪೋರ್ತುಗೀಸರ ಹತ್ತಿರ ದುಡಿದವನು, ಅವರು 'ಪುಶಾ' ಅಂದರೆ ಎಳೆಯಬೇಕು, ಹಾಗೆಂದೇ ತಿಳಿದೆ ಎಂದ. ಸಾಹೇಬ ನಕ್ಕುಬಿಟ್ಟ. ಪುಶ್, ಪುಶಾ ಎರಡೂ ಒಂದೇ ಹಳೆಯ ಭಾಷೆಯ ಮಕ್ಕಳು, ಬೇರೆ ಬೇರೆ ಮನೆ ಸೇರಿ ಬೇರೆ ಬೇರೆ ಕೆಲಸ ಕಲಿತಿವೆ ಎಂದು ಹೇಳಿ ಅವನನ್ನು ಕೆಲಸದಲ್ಲಿ ಉಳಿಸಿಕೊಂಡ.

ಕತೆ ಕೇಳಿ ಹೊನ್ನು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಂದಿನಿಂದ ಅವನು ಬಾಗಿಲು ನೂಕಿ ಒಳಬಂದಾಗಲೆಲ್ಲ, "ಪುಶ್ ಅಂದ್ರೆ ಯಂತದು?" ಎಂದು ಕೆಣಕುವಳು. ಮಾಸ್ತಿ ಪೆದ್ದನಂತೆ ತಲೆ ಕೆರೆದುಕೊಳ್ಳುವನು.

*

"ತಿಳೀದೇ?" ಜಟ್ಟು ಅವಳನ್ನೇ ನೋಡಿದ. "ಆ ಸಾಹೇಬ ಬರೂಕೂ ಮೊದ್ಲೇ ಇಂಗ್ಲಿಷರ ಕೈಕೆಳಗೆ ವರ್ಷಗಟ್ಲೆ ದೋಣಿ ತಳ್ದಂವ ಅಂವ. ಪುಶ್ ಅಂದ್ರೆ ಯಂತದು ಅಂತ ಚೆನ್ನಾಗಿ ಗೊತ್ತಿತ್ತು. ನನ್ ಕಾಲು ಸಿಕ್ಕಿದ್ದು ಕಂಡೇ ಹಿಂದೆ ಜಗ್ಗಿದ. ಕೆಲ್ಸ ಹೋಗ್ಬಾರ್ದು ಅಂತ ಸಾಹೇಬಂಗೆ ಹಾಂಗೆ ಹೇಳ್ದ."

"ಮತ್ತೆ ನಂಗೆ ಯಾಕೆ ಹೇಳ್ಲಿಲ್ಲ?"

"ನಿಮ್ ಮಗು ತೀರ್ಹೋದ್ಮೇಲೆ ನೀ ನಕ್ಕದ್ದು ಅದೇ ಮೊದಲು, ಅತ್ಗೆ. 'ಖರೇ ಹೇಳಿದ್ರೆ ಹೊನ್ನು ನಗೂದು ನಿಲ್ತದೆ, ನೀನೂ ಹೇಳ್ಬೇಡ ಮಾರಾಯ' ಅಂದಿದ್ದ."

ಹೊನ್ನು ಅವನ ಹತ್ತಿರ ಸರಿದು ಕೂತಳು. ಆಮೇಲೆ, "ಇನ್ನೊಂದ್ಸಲ ಹೇಳು," ಎಂದಳು. ಅವನು ಹೇಳಿದ. ಮತ್ತೆ ಹೇಳಿಸಿದಳು. ತಲೆ ಕೆರೆಯುತ್ತ ನಿಂತ ಗಂಡ ಕಣ್ಣಿಗೆ ಕಟ್ಟಿದ. "ಎಷ್ಟು ಕಳ್ಳ ನೋಡು!" ಎಂದವಳು ಬಾಯಿಗೆ ಸೆರಗು ಒತ್ತಿಕೊಂಡಳು.

ಬಿಸಿಲೇರಿದ ಮೇಲೆ ಮಿಂದು ಬಂದ ಗಂಡಸರು ಒದ್ದೆ ಪಂಚೆಯಲ್ಲಿ ಬೇಲಿಯಾಚೆಯೇ ನಿಂತುಬಿಟ್ಟರು. ಅಂಗಳದಲ್ಲಿ ಹೊನ್ನು ಜಟ್ಟುವಿನ ಭುಜ ಹಿಡಿದು, ಕೆನ್ನೆ ತುಂಬ ನೀರು ಸುರಿಸುತ್ತ ಗಟ್ಟಿಯಾಗಿ ನಗುತ್ತಿದ್ದಳು.